ಬ್ಯಾಂಕಾಕಿನ ಬಾರಿನಲ್ಲಿ ಬೀಗತನ

ನಾನು ಬ್ಯಾಂಕಾಕಿಗೆ ಹೋದಾಗ ನನಗೆ ಎಪ್ಪತ್ತೊಂದು ವರ್ಷ. ಅದಾಗಿ ಈಗ ಎರಡು ವರ್ಷವಾಯಿತು. ಅಲ್ಲಿಗೆ ಹೋಗಿ ಬಂದವರು ಬಂಗಾರದ ಬುದ್ಧನನ್ನು ನೋಡಿದೆವು, ಆನೆ ಹತ್ತಿದೆವು ಎಂದು ಹೇಳುತ್ತಾರೆ. ನಾನು ಆನೆ ನೋಡಲಿಲ್ಲ. ನಾನು ನೋಡಿದ್ದು ಬಾರುಗಳನ್ನು. ಹೋದದ್ದೇ ಅವನ್ನು ನೋಡಲು.

ಸಿಂಧನೂರು

ನನ್ನ ಹೆಸರು ಹುಲಿಗೆಮ್ಮ. ತವರು ಮಸ್ಕಿ. ಕೊಟ್ಟದ್ದು ಜವಳಗೇರಾಕ್ಕೆ. ನನ್ನ ಗಂಡ ಕೂಲಿಗೆ ಹೋಗುತ್ತಿದ್ದ, ಬಂದ ಕೂಲಿ ಸರಾಯಿ ಅಂಗಡಿಗೆ ಹೋಗುತ್ತಿತ್ತು. ಒಂದು ಸಂಜೆ ಕಿಸೆ ಖಾಲಿಯಾಗುವ ತನಕ ಅವನಿಗೆ ಹಾಕಿಕೊಟ್ಟರು, ಖಾಲಿಯಾದ ಮೇಲೆ ಹೊರಗೆ ಹಾಕಿದರು. ಕಾಲುವೆ ದಂಡೆಯ ಮೇಲೆ ಓಲಾಡುತ್ತ ಬಂದವನು ಕಾಲುವೆಯಲ್ಲೇ ಹೋದ. ಹಾಕಿಕೊಟ್ಟವನು ಮಣ್ಣಿಗೆ ಬಂದಿದ್ದ. ಹಾರ ತಂದಿದ್ದ.

ಆಮೇಲೆ ನಾನು ಮಗನನ್ನು ಕಟ್ಟಿಕೊಂಡು ಸಿಂಧನೂರಿಗೆ ಬಂದೆ. ಗಂಗಾವತಿ ರಸ್ತೆಯಲ್ಲಿ ಒಂದು ಬಾರಿನ ಮುಂದೆ ಮಿರ್ಚಿ ಬಂಡಿ ಹಾಕಿದೆ. ಅಲ್ಲೇ ಯಾಕೆ ಎಂದು ಕೇಳುವವರಿದ್ದಾರೆ. ಕುಡಿದವರಿಗೆ ಹಸಿವು ಜಾಸ್ತಿ, ಅದಕ್ಕೆ. ಆ ಮಿರ್ಚಿಯಲ್ಲೇ ಮಗ ಯಮನೂರಪ್ಪ ಓದಿದ. ಈಗ ಅವನು ಲಿಂಗಸುಗೂರಿನಲ್ಲಿ ಹೈಸ್ಕೂಲ್ ಮಾಸ್ತರ. ಪಡಸಾಲೆಯಲ್ಲಿ ಬುದ್ಧನ ದೊಡ್ಡ ಫೋಟೊ ಹಾಕಿದ್ದಾನೆ. ಯಾರಾದರೂ ತಾಯಿಯ ಬಗ್ಗೆ ಕೇಳಿದರೆ "ಅವ್ವ ಸಿಂಧನೂರಾಗ ಅದಾಳ" ಎನ್ನುತ್ತಾನೆ. ಬಂಡಿಯ ಮಾತು ಎತ್ತುವುದಿಲ್ಲ.

ಅವನ ಮಗಳು ಸುಜಾತಾ ಬ್ಯಾಂಕಾಕಿನ ಒಂದು ಹೋಟೆಲಿನಲ್ಲಿ ಕೆಲಸಕ್ಕಿದ್ದಾಳೆ. ನಮ್ಮ ದೇಶದ ಸಾಹುಕಾರರು ಅಲ್ಲಿಗೆ ಹೋಗಿ ಮದುವೆ ಮಾಡಿಕೊಳ್ಳುತ್ತಾರಂತೆ. ಅವರಿಗೆ ಮಂಟಪ, ಊಟ, ಕುದುರೆ ಎಲ್ಲ ಹೊಂದಿಸಿ ಕೊಡುವುದು ಇವಳ ಕೆಲಸ. ಆ ವರ್ಷ ರಜೆಗೆ ಬಂದವಳು ಅಪ್ಪನ ಮುಂದೆ ನಿಂತು, ಅಲ್ಲಿಯ ಹುಡುಗನೊಬ್ಬನನ್ನು ಮದುವೆಯಾಗುತ್ತೇನೆ ಎಂದಳು. ನಾನು ಅಲ್ಲೇ ಕುಳಿತಿದ್ದೆ.

ಯಮನೂರಪ್ಪ ಮೊದಲು ಸಿಟ್ಟಿಗೇಳಲಿಲ್ಲ. "ಬುದ್ಧನ್ನ ನಂಬಾ ಮಂದಿ ಏನು?" ಎಂದು ಕೇಳಿದ.

"ಹೌದಪ್ಪಾ. ಹುಟ್ಟಾ ಅದೇ."

"ಚಲೋ ಆತು. ಹುಡುಗ ಏನು ಮಾಡ್ತಾನ?"

"ಬಾರ್ ಐತಿ. ಸಣ್ಣದು."

ಆಗ ಎದ್ದು ನಿಂತ. "ಪಂಚಶೀಲದಾಗ ಐದನೇದು ಏನೈತಿ? ಹೇಳು."

"ಅಮಲು ಬ್ಯಾಡ ಅಂತೈತಿ. ಅಂವ ಕುಡಿಯಂಗಿಲ್ಲಪ್ಪಾ."

"ಕುಡಿಯಂಗಿಲ್ಲ, ಕುಡಸ್ತಾನ! ಅದು ಇನ್ನೂ ಚಲೋ ಆತಲ್ಲ!"

ಹುಡುಗಿ ಅಳಲಿಲ್ಲ. ಅಳದೇ ಇದ್ದದ್ದನ್ನು ನೋಡಿಯೇ ನನಗೆ ಗಾಬರಿಯಾಯಿತು. ಅಳುವವರು ಬಿಟ್ಟುಬಿಡುತ್ತಾರೆ, ಅಳದವರು ಬ್ಯಾಗು ತುಂಬುತ್ತಾರೆ. ಹೀಗೇ ಬಿಟ್ಟರೆ ಅಪ್ಪ ಮಗಳು ಮತ್ತೆ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ ಎಂದು ತಿಳಿದು ನಡುವೆ ಬಾಯಿ ಹಾಕಿದೆ.

"ಮನಿ ನೋಡದ ಇಲ್ಲ ಅನ್ನಬಾರದು," ಎಂದೆ.

ನಮ್ಮಲ್ಲಿ ಹೆಣ್ಣು ಕೊಡುವ ಮುಂಚೆ ಹಿರಿಯರು ಹೋಗಿ ಗಂಡಿನ ಮನೆ ನೋಡಿ ಬರಬೇಕು. ಒಪ್ಪುವ ತನಕ ಆ ಮನೆಯ ನೀರು ಸಹ ಮುಟ್ಟಬಾರದು, ಎಲೆ ಅಡಿಕೆಯನ್ನೂ ಹಾಕಿಕೊಳ್ಳಬಾರದು. ಉಂಡ ಬಾಯಿಗೆ ಬೇಡ ಎನ್ನಲು ಬರುವುದಿಲ್ಲ. ಒಪ್ಪಿಗೆಯಾದರೆ ಒಬ್ಬರಿಗೊಬ್ಬರು ಸಕ್ಕರೆ ತಿನ್ನಿಸುವುದು. ಸಕ್ಕರೆ ಬಾಯಿಗೆ ಬಿದ್ದರೆ ಮುಗಿಯಿತು, ಆಮೇಲೆ ಯಾರೂ ಹಿಂದೆ ಸರಿಯುವಂತಿಲ್ಲ. ನಮ್ಮ ಮನೆತನದಲ್ಲಿ ನೋಡಲು ಹೋಗುವವಳು ಯಾವಾಗಲೂ ನಾನೇ. ವಳಕಮದಿನ್ನಿಯಲ್ಲಿ ಒಂದು ಮನೆಯಿಂದ ಬಿರುಬಿಸಿಲಲ್ಲಿ ಒಣಗಿದ ಬಾಯಲ್ಲೇ ಎದ್ದು ಬಂದಿದ್ದೇನೆ.

ಯಮನೂರಪ್ಪ ಸ್ವಲ್ಪ ಹೊತ್ತು ಬುದ್ಧನ ಫೋಟೊ ನೋಡಿದ. "ನಾ ಅಲ್ಲಿ ಕಾಲಿಡಂಗಿಲ್ಲ. ನೀನೇ ಹೋಗಿ ಬಾ. ಬಾರ್ ಅಂದ್ರ ಏನಂತ ಈ ಮನ್ಯಾಗ ನಿನಗೊಬ್ಬಾಕಿಗೇ ಗೊತ್ತು. ನೋಡಿ, ಬ್ಯಾಡ ಅಂದು ಬಾ."

ಬೇಡ ಎಂದೇ ಬರುತ್ತೇನೆ ಎಂದು ಅವನು ತಿಳಿದಿದ್ದ. ನಾನೂ ಹಾಗೇ ತಿಳಿದಿದ್ದೆ.

ಹೈದರಾಬಾದು

ಬಟ್ಟೆ ಒಂದು ಚೀಲ, ತಿನ್ನುವುದು ಎರಡು ಚೀಲ. ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ. ಅವರ ಮನೆಯದನ್ನು ಮುಟ್ಟುವಂತಿಲ್ಲವಲ್ಲ. ಕೈಚೀಲದಲ್ಲಿ ಎಲೆ, ಅಡಿಕೆ, ಸುಣ್ಣದ ಡಬ್ಬಿ, ಅಡಕೊತ್ತು.

ವಿಮಾನ ನಿಲ್ದಾಣದಲ್ಲಿ ಚೀಲವನ್ನು ಒಂದು ಗವಿಯೊಳಗೆ ಬಿಟ್ಟರು. ಆ ಕಡೆ ಹೊರಬಿದ್ದ ಕೂಡಲೇ ಒಬ್ಬ ಪೋಲೀಸ ಅಡಕೊತ್ತು ಎತ್ತಿ ಹಿಡಿದ. "ಯೇ ಕ್ಯಾ ಹೈ ಅಮ್ಮಾ?"

"ಸುಪಾರಿ ಕಾಟನೇ ಕಾ," ಎಂದೆ. ನಿಜಾಮನ ಕಾಲದಿಂದ ನಮ್ಮ ಕಡೆ ಅಷ್ಟು ಮಾತು ಎಲ್ಲರಿಗೂ ಬರುತ್ತದೆ.

ಅವನು ಅದನ್ನು ಎರಡು ಸಲ ಕಟ್ ಕಟ್ ಎನ್ನಿಸಿ ನೋಡಿದ. ನಕ್ಕ. ನಕ್ಕವನು ಬಿಟ್ಟಾನು ಎಂದುಕೊಂಡರೆ ಪಕ್ಕದ ಡಬ್ಬದೊಳಗೆ ಹಾಕಿಬಿಟ್ಟ. ನಾನು ಅದರಿಂದ ವಿಮಾನ ಓಡಿಸುವವನ ಮೂಗು ಕತ್ತರಿಸುತ್ತೇನೆಯೇ? ಬೈದೆ. ಸುಜಾತಾ ನನ್ನ ರಟ್ಟೆ ಹಿಡಿದು ಎಳೆದುಕೊಂಡು ಹೋದಳು. ಅಡಿಕೆ ಚೀಲದಲ್ಲಿ ಉಳಿಯಿತು, ಕತ್ತರಿಸುವುದು ಹೋಯಿತು. ಇಡೀ ಅಡಿಕೆ ಕಡಿಯುವ ಹಲ್ಲು ನನ್ನ ಬಾಯಲ್ಲಿ ಉಳಿದಿಲ್ಲ.

ವಿಮಾನದಲ್ಲಿ ನಮ್ಮ ಕಡೆಯ ಗಂಡಸರು ಬಹಳ ಮಂದಿ ಇದ್ದರು. ಹೆಂಡರು ಯಾರ ಸಂಗಡವೂ ಇರಲಿಲ್ಲ. ರಾಯಚೂರು ಬಸ್ಸಿನಲ್ಲಿ ಮಾನ್ವಿ ದಾಟುವ ಮುಂಚೆಯೇ ಬಾಟಲಿ ತೆಗೆಯುವವರಿರುತ್ತಾರೆ, ಅಂಥವರೇ ಇವರು. ಬಂಡಿ ತಳ್ಳಿಕೊಂಡು ಬಂದ ಹುಡುಗಿಯನ್ನು "ಸಿಸ್ಟರ್, ಸಿಸ್ಟರ್" ಎಂದು ಕರೆದು ಕರೆದು ಹೈರಾಣ ಮಾಡಿದರು. ಅವಳು ನಗುತ್ತಲೇ ಇದ್ದಳು. ನನ್ನ ಬಂಡಿಯ ಮುಂದೆ ಹಾಗೆ ಮಾಡಿದ್ದರೆ ಸೌಟಿನಲ್ಲಿ ಕೊಡುತ್ತಿದ್ದೆ.

ಅಶೋಕ್ ಸ್ಟೇಷನ್

ಸುಜಾತಾಳ ಖೋಲಿಯಲ್ಲಿ ಇಳಿದುಕೊಂಡೆ. ಸಂಜೆ ಅವಳು ನನ್ನನ್ನು ಒಳ್ಳೆಯ ಜಾಗಕ್ಕೆ ಕರೆದುಕೊಂಡು ಹೋಗಲು ತಯಾರಾದಳು. ನಾನು ಒಪ್ಪಲಿಲ್ಲ. ಮನೆ ನೋಡಲು ಹೋದರೆ ನಾನು ಮೊದಲು ಹಿತ್ತಲಿಗೆ ಹೋಗುತ್ತೇನೆ. ಪಡಸಾಲೆಯನ್ನು ಎಲ್ಲರೂ ಸಾರಿಸಿಯೇ ಇರುತ್ತಾರೆ.

"ಈ ಊರಾಗ ಎಲ್ಲಾಕ್ಕಿಂತ ಕೆಟ್ಟ ಬಾರ್ ಎಲ್ಲಿ ಅದಾವು, ಅಲ್ಲಿಗೆ ನಡಿ," ಎಂದೆ.

"ಆಯಿ, ಅಲ್ಲಿ ಹೆಣಮಕ್ಕಳು ಹೋಗಂಗಿಲ್ಲ."

"ಹೆಣಮಕ್ಕಳು ಅಲ್ಲೇ ಇರತಾರಂತಲ್ಲ. ಕೇಳೀನಿ ನಾ."

ಕಂಬದ ಮೇಲೆ ಓಡುವ ರೈಲಿನಲ್ಲಿ ಹೋದೆವು. ಒಂದು ಕಡೆ ರೈಲಿನೊಳಗಿನ ಹೆಣ್ಣುದನಿ ಸ್ಟೇಷನ್ನಿನ ಹೆಸರು ಹೇಳಿತು. ನನಗೆ ಕೇಳಿದ್ದು ಅಶೋಕ್ ಎಂದೇ. ಸುಜಾತಾಳನ್ನು ಕೇಳಿದರೆ ಹೌದು, ಈ ಸ್ಟೇಷನ್ನಿಗೆ ಅದೇ ಹೆಸರು ಎಂದಳು. ಮಸ್ಕಿ ಗುಡ್ಡದ ಕಲ್ಲಿನಲ್ಲಿ ಅಶೋಕನ ಹೆಸರು ಕೊರೆದಿದೆ. ನಾವು ಸಣ್ಣವರಿದ್ದಾಗ ಆ ಗುಡ್ಡದಲ್ಲಿ ಆಡು ಮೇಯಿಸಿದ್ದೇವೆ. ಇಷ್ಟು ದೂರ ಬಂದರೂ ತವರಿನ ಅರಸನ ಹೆಸರಿನಲ್ಲೇ ಇಳಿದೆ ಎಂದು ಎದೆಯುಬ್ಬಿಸಿ ಮೆಟ್ಟಿಲು ಇಳಿದರೆ, ಕೆಳಗೆ ಪೂರಾ ಕೆಂಪು ದೀಪದ ಓಣಿ.

ಬಾಗಿಲು ಬಾಗಿಲಿಗೆ ತುಂಡು ಬಟ್ಟೆಯ ಹುಡುಗಿಯರು ಸ್ಟೂಲಿನ ಮೇಲೆ ಕುಳಿತಿದ್ದರು. ನನ್ನ ವಯಸ್ಸಿನ ಬಿಳಿ ಗಂಡಸರು ಟೊಮೆಟೊ ಹಣ್ಣಿನಂಥ ಮುಖ ಮಾಡಿಕೊಂಡು ಅಡ್ಡಾಡುತ್ತಿದ್ದರು. ಇಳಕಲ್ ಸೀರೆಯ ನನ್ನನ್ನು ನೋಡಲು ಓಣಿಯೇ ತಿರುಗಿತು. ಆಮೇಲೆ ಒಬ್ಬಳು "ಯಾಯ್! ಯಾಯ್!" ಎಂದು ಕೂಗಿದಳು.

"ಬೈಯಾಕತ್ತಾಳೇನು?"

"ಇಲ್ಲ ಆಯಿ, ಅಜ್ಜಿ ಅನ್ನಾಕತ್ತಾಳ. ಕುಂದ್ರು ಬಾ ಅಂತ."

ತನ್ನ ಸ್ಟೂಲನ್ನೇ ಕೊಟ್ಟಳು. ಪ್ಲಾಸ್ಟಿಕ್ ಚೀಲದಲ್ಲಿ ಅಂಟು ಅನ್ನ ಇಟ್ಟುಕೊಂಡು ಮೆಣಸಿನಕಾಯಿ ಚಟ್ನಿಯಲ್ಲಿ ಅದ್ದಿ ತಿನ್ನುತ್ತಿದ್ದಳು. ಎಲ್ಲಿಯವಳು ಎಂದು ಸುಜಾತಾಳಿಂದ ಕೇಳಿಸಿದೆ. ದೂರದ ಹಳ್ಳಿಯವಳಂತೆ. ಮನೆಯಲ್ಲಿ ಭತ್ತ ಬೆಳೆಯುತ್ತಾರಂತೆ. ನಮ್ಮದೂ ಭತ್ತದ ಸೀಮೆ ಎಂದೆ. ಎಷ್ಟು ಬೆಳೆ ಎಂದು ಕೇಳಿದಳು. ಕಾಲುವೆಗೆ ನೀರು ಬಿಟ್ಟರೆ ಎರಡು ಎಂದೆ. ತಮ್ಮಲ್ಲಿ ಮಳೆಯದೊಂದೇ ಎಂದಳು. ಆಮೇಲೆ ಸಸಿ ಹಚ್ಚುವಾಗ ನಡು ಎಲ್ಲಿ ಹಿಡಿಯುತ್ತದೆ ಎಂದು ಅವಳು ತೋರಿಸಿದಳು, ನಾನೂ ತೋರಿಸಿದೆ. ಇಬ್ಬರದೂ ಒಂದೇ ಜಾಗ. ಒಳಗೆ ಹಾಡು ಬಡಿಯುತ್ತಿತ್ತು. ಹೊರಗೆ ನಾವು ನಾಟಿಯ ಮಾತಾಡುತ್ತಿದ್ದೆವು. ನನ್ನ ಶೇಂಗಾ ಹಿಂಡಿ ಅವಳ ಅನ್ನದ ಮೇಲೆ ಹಾಕಿದೆ. ಕಣ್ಣಲ್ಲಿ ನೀರು ತಂದುಕೊಂಡು ಇನ್ನಷ್ಟು ಹಾಕು ಎಂದಳು.

ನೀವು ಹೋಗುವುದಿದ್ದರೆ ಆ ಓಣಿಗೆ ಹೋಗಿ ಬನ್ನಿ. ಬಾಯಿ ತೆರೆದುಕೊಂಡು ನೋಡಬೇಡಿ, ಫೋಟೊ ತೆಗೆಯಬೇಡಿ. ಅವರು ಕೆಲಸದಲ್ಲಿರುತ್ತಾರೆ.

ಹಿಂದಿರುಗುವಾಗ ಕೇಳಿದೆ. "ಅಂವಂದು ಈ ಓಣ್ಯಾಗ ಇಲ್ಲಲ್ಲ?"

"ಇಲ್ಲ ಆಯಿ. ನಿನ್ನ ಆಣಿ."

"ನನ್ನ ಆಣಿ ಹಾಕಬ್ಯಾಡ. ನನಗ ಮೊದಲೇ ವಯಸ್ಸಾಗೈತಿ."

ಮುಗಿಲ ಬಾರು

ಮರುದಿನ ಹಗಲು ಒಂದು ಅಂಗಡಿಯಲ್ಲಿ ಬೀರು ಬಾಟಲಿ ಕಂಡು ಒಂದು ಕೊಂಡು ನೋಡೋಣ ಎಂದರೆ ಮಧ್ಯಾಹ್ನದ ಹೊತ್ತು ಮಾರುವಂತಿಲ್ಲ ಎಂದು ಬೀಗ ತೋರಿಸಿದರು. ನಮ್ಮ ಬಾರಿನ ಮುಂದೆ ಬೆಳಿಗ್ಗೆ ಹಾಲಿನವನು ಬರುವ ಮುಂಚೆಯೇ ಮಂದಿ ನಿಂತಿರುತ್ತಾರೆ. ಇವರದು ಸರ್ಕಾರಿ ಆಫೀಸಿಗಿಂತ ಕಟ್ಟುನಿಟ್ಟು.

ಸಂಜೆ ಸುಜಾತಾ ನನ್ನನ್ನು ಬಹಳ ಎತ್ತರದ ಕಟ್ಟಡದ ತುದಿಯಲ್ಲಿರುವ ಬಾರಿಗೆ ಕರೆದೊಯ್ದಳು. ಲಿಫ್ಟಿನಲ್ಲಿ ಕಿವಿ ಮುಚ್ಚಿಕೊಂಡವು. ಬಾಗಿಲಲ್ಲಿ ಕೋಟು ಹಾಕಿದವನೊಬ್ಬ ಕೈಮುಗಿದು ಬಗ್ಗಿದ. ಬಗ್ಗಿದವನ ಕಣ್ಣಿಗೆ ನನ್ನ ರಬ್ಬರ್ ಚಪ್ಪಲಿ ಬಿದ್ದವು. ಚಪ್ಪಲಿಯವರಿಗೆ ಒಳಗೆ ಬಿಡುವುದಿಲ್ಲವಂತೆ.

"ಬಿಟ್ಟು ಬರತೀನಿ ಅಂತ ಹೇಳು. ಗುಡಿಗೂ ಬಿಟ್ಟೇ ಹೋಗತೀನಿ."

ಬರಿಗಾಲೂ ನಡೆಯುವುದಿಲ್ಲವಂತೆ. ಒಳಗಿನಿಂದ ಗಂಡಸರ ಕರಿಯ ಬೂಟು ತಂದು ಕೊಟ್ಟರು. ಚಪ್ಪಲಿಯಲ್ಲಿ ಬಂದವರಿಗೆಂದು ಅಲ್ಲಿ ಬೂಟು ಇಟ್ಟಿರುತ್ತಾರೆ. ಒಂದೊಂದು ಬೂಟಿನಲ್ಲಿ ನನ್ನ ಎರಡೂ ಪಾದ ಹಿಡಿಸುತ್ತಿದ್ದವು. ಇಳಕಲ್ ಸೀರೆ, ಮೂಗುತಿ, ಕೆಳಗೆ ಸಾಹೇಬರ ಬೂಟು. ಡಬ್ ಡಬ್ ಎಂದು ನಡೆದು ನಡುಮಧ್ಯದ ಮೇಜಿಗೆ ಹೋಗಿ ಕುಳಿತೆ. ಒಬ್ಬ ಬಿಳಿಯವಳು ನನ್ನ ಸಂಗಡ ಫೋಟೊ ತೆಗೆಸಿಕೊಂಡಳು.

ಊರು ಕೆಳಗೆ ಎಣ್ಣೆ ಬಾಂಡ್ಲಿಯ ಹಾಗೆ ಹೊಳೆಯುತ್ತಿತ್ತು. ನಾನು ಕುಡಿಯುವವಳೇ ಅಲ್ಲ ಎಂದು ಸುಳ್ಳು ಹೇಳುವುದಿಲ್ಲ. ವಯಸ್ಸಿನಲ್ಲಿ ಸೇಂದಿ ಕುಡಿದಿದ್ದೇನೆ. ಇದು ಅವನ ಬಾರು ಅಲ್ಲ, ಆದ್ದರಿಂದ ಇಲ್ಲಿ ಅಡ್ಡಿಯಿಲ್ಲ ಎಂದು ಒಂದು ತರಿಸಿದೆ. ಸಣ್ಣ ಕೊಡೆ ಚುಚ್ಚಿದ ಗ್ಲಾಸು ಬಂತು. ಅರ್ಧ ಐಸು, ಅರ್ಧ ಹಣ್ಣು. ಕುಡಿಯುವುದು ಎಲ್ಲಿದೆ ಎಂದು ಹುಡುಕಬೇಕು. ಪಕ್ಕದವರು ಬೀರಿನೊಳಗೆ ಐಸು ಹಾಕಿಕೊಂಡು ಕುಡಿಯುತ್ತಿದ್ದರು. ಸಿಂಧನೂರಿನಲ್ಲಿ ಹಾಗೆ ಕೊಟ್ಟರೆ ನೀರು ಬೆರೆಸಿದ ಎಂದು ಮಾಲಕನ ಕಾಲರ್ ಹಿಡಿಯುತ್ತಾರೆ.

ಅಲ್ಲಿಂದ ಇಳಿದು ಕುಣಿಯುವ ಕ್ಲಬ್ಬಿಗೂ ಹೋದೆವು. ನನ್ನ ಕಿವಿಗೆ ಏನಾದೀತೋ ಎಂದು ಸುಜಾತಾ ಹತ್ತಿ ಕೊಟ್ಟಳು. ಬೇಕಾಗಲಿಲ್ಲ. ನಮ್ಮೂರ ಗಣೇಶ ಹೋಗುವಾಗಿನ ಡಿಜೆಗೆ ತಗಡು ಹಾರುತ್ತವೆ. ಇದು ಅದರ ಕೂಸು. ಕುಣಿಯುವವರು ಮಾತ್ರ ಒಬ್ಬರನ್ನೊಬ್ಬರು ತುಳಿಯದೆ ಕುಣಿದರು. ಅದು ನನಗೆ ಹಿಡಿಸಿತು.

ಹುಣ್ಣಿಮೆ

ಮೂರನೆಯ ದಿನ ಬುದ್ಧನ ಹುಣ್ಣಿಮೆ. ಇಡೀ ಊರಿನ ಬಾರುಗಳೆಲ್ಲ ಬಂದ್. ಹುಡುಗನ ಮನೆಗೆ ಹೋಗಲು ಅದೇ ದಿನ ಗೊತ್ತಾಗಿತ್ತು.

ನಮ್ಮಲ್ಲೂ ಡ್ರೈ ಡೇ ಇದೆ. ಮುಂದಿನ ಶಟರ್ ಇಳಿದಿರುತ್ತದೆ, ಹಿಂದಿನ ಕಿಟಕಿ ತೆರೆದಿರುತ್ತದೆ. ಆ ದಿನ ನನ್ನ ಮಿರ್ಚಿ ಹಿಂದಿನ ಓಣಿಯಲ್ಲೇ ಜಾಸ್ತಿ ಹೋಗುತ್ತವೆ. ಆದ್ದರಿಂದ ಬಾರಿನ ಮೇಲೆಯೇ ಇದ್ದ ಅವನ ಮನೆ ಹತ್ತುವ ಮೊದಲು "ಹಿಂದಿನ ಓಣಿ ತೋರ್ಸು" ಎಂದೆ. ಸುಜಾತಾ ಹಲ್ಲು ಕಚ್ಚಿಕೊಂಡು ತೋರಿಸಿದಳು. ಕಿಟಕಿಗೆ ಬೀಗ ಇತ್ತು. ಕಟ್ಟೆಯ ಮೇಲೆ ಬೆಕ್ಕು ಮಲಗಿತ್ತು. ಎಬ್ಬಿಸಿ ನೋಡಿದೆ, ಜಾಗ ಬೆಚ್ಚಗಿತ್ತು. ಬೆಳಗಿನಿಂದ ಯಾರೂ ಬಂದಿರಲಿಲ್ಲ.

ಆದರೆ ಅಲ್ಲೇ ಇನ್ನೊಂದು ಕಂಡಿತು. ಬಾರಿನ ಮಗ್ಗುಲಲ್ಲೇ ಕಾಲುವೆ. ದಂಡೆಗೆ ಮೇಜು ಹಾಕಿದ್ದಾರೆ, ಕೆಳಗೆ ಕರಿಯ ನೀರು.

ನಾನು ಅಲ್ಲೇ ನಿಂತೆ. "ಕಾಲಿವಿ ದಂಡಿ ಮ್ಯಾಲ ಕುಡಿಸಾವಗ ನಮ್ಮ ಹುಡುಗಿ ಕೊಡಂಗಿಲ್ಲ. ನಡಿ ಹಿಂದಕ."

ಸುಜಾತಾ ನನ್ನ ಮುಂದೆ ಬಂದು ನಿಂತಳು. "ಮುತ್ಯಾ ಹೆಂಗ ಹೋದ ಅಂತ ನನಗ ಗೊತ್ತೈತಿ ಆಯಿ. ಅದಕ್ಕಽ ನಿನ್ನ ಕರಕೊಂಡು ಬಂದೀನಿ. ಅಪ್ಪ ನೋಡದ ಇಲ್ಲ ಅಂದ. ನೀನೂ ಹಂಗಽ ಅಂತೀಯೇನು?"

ನಾನು ಸೆರಗು ಸಿಕ್ಕಿಸಿಕೊಂಡೆ. ಮೇಲೆ ಹತ್ತಿದೆ.

ಹುಡುಗನ ಹೆಸರು ತೊನ್. ಉದ್ದಕ್ಕೆ ತೆಳ್ಳಗೆ ಇದ್ದಾನೆ. ನನ್ನನ್ನು ನೋಡಿ ಕೈಮುಗಿದು "ಆಯಿ, ಬರ್ರಿ" ಎಂದ. ಸುಜಾತಾ ಕಲಿಸಿದ್ದು. ಅವನಿಗೆ ಬರುವುದು ನಾಲ್ಕೈದು ಮಾತು. ಮನೆಯಲ್ಲಿ ಅವನ ತಾಯಿ ಒಬ್ಬಳೇ. ಹೆಸರು ಮಾಲಿ, ಅವರ ಮಾತಿನಲ್ಲಿ ಮಲ್ಲಿಗೆ ಎಂದು ಅರ್ಥವಂತೆ. ಬಾರಿನ ಅಡುಗೆ ಎಲ್ಲ ಅವಳದೇ. ನನಗಿಂತ ಒಂದೆರಡು ವರ್ಷ ಚಿಕ್ಕವಳಿರಬೇಕು. ಕೈಯಲ್ಲಿ ಎಣ್ಣೆ ಸಿಡಿದ ಗುರುತುಗಳಿದ್ದವು. ನನ್ನ ಕೈಯಲ್ಲೂ ಇವೆ.

ಅವಳು ಬೆಳ್ಳಿ ಬಟ್ಟಲಲ್ಲಿ ನೀರು ತಂದಳು. ನೀರಿನ ಮೇಲೆ ಹೂ ತೇಲಿಬಿಟ್ಟಿದ್ದಳು. ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದೆ ಮೊಣಕಾಲೂರಿದಳು. ನಾನು ಕೈಮುಗಿದು ಬೇಡ ಎಂದೆ. ಇನ್ನೊಮ್ಮೆ ಚಾಚಿದಳು. ಮತ್ತೆ ಬೇಡ ಎಂದೆ. ಅವಳ ಮುಖ ಬಿಗಿಯಿತು.

"ನಮ್ಮ ಪದ್ಧತಿ ಇವರಿಗೆ ಹೇಳೀಯಿಲ್ಲ?" ಎಂದು ಸುಜಾತಾಳನ್ನು ಕೇಳಿದೆ.

"ಇಲ್ಲ ಆಯಿ. ಒಂದು ಗುಟುಕು ಕುಡೀತಿ ಅಂತ ತಿಳದಿದ್ದೆ."

"ಈಗ ಹೇಳು."

ಹೇಳಿದಳು. ಮಾಲಿ ಕೇಳಿಸಿಕೊಂಡು ಏನೋ ಅಂದಳು.

"ಏನಂತ?"

"ಮನಿಗೆ ಬಂದವ್ರು ನೀರು ಬ್ಯಾಡಂದ್ರ ಮನಿಯಾಕಿ ಮುಖಕ್ಕ ಹೊಡದಂಗ ಅಂತ ಆಯಿ, ಇವರಲ್ಲಿ."

"ಕುಡದ್ರ ಹುಡುಗಿ ಕೊಟ್ಟಂಗ, ನಮ್ಮಲ್ಲಿ. ಹೇಳು ಆಕಿಗೆ."

ಮಾಲಿ ಬಟ್ಟಲು ಪಕ್ಕಕ್ಕೆ ಇಟ್ಟಳು. ಗೋಡೆಗೆ ಒರಗಿ ಕುಳಿತು ಒಂದು ಹಿತ್ತಾಳೆ ಪೆಟ್ಟಿಗೆ ಎಳೆದುಕೊಂಡಳು. ಒಳಗೆ ಎಳೆಯ ಎಲೆ, ಕೆಂಪು ಸುಣ್ಣ, ಅಡಿಕೆ, ಅಡಕೊತ್ತು. ನನ್ನನ್ನೇ ನೋಡುತ್ತ ಕಟ್ ಕಟ್ ಎಂದು ಕತ್ತರಿಸತೊಡಗಿದಳು. ನನ್ನ ಎಲೆ ಹಿಂದಿನ ದಿನವೇ ಮುಗಿದಿದ್ದವು. ಅಡಿಕೆ ಕಂಡು ಬಾಯಲ್ಲಿ ನೀರು ಬಂತು. ಮಡಿಸಿದ ಎಲೆಯನ್ನು ಒಮ್ಮೆ ನನ್ನ ಕಡೆ ಚಾಚಿದಳು. ನಾನು ಮುಖ ತಿರುಗಿಸಿದೆ. ತಾನೇ ಬಾಯಿಗಿಟ್ಟುಕೊಂಡು ನಿಧಾನಕ್ಕೆ ಅಗಿದಳು. ಮುದುಕಿ ಗಟ್ಟಿ ಎಂದು ಆಗಲೇ ತಿಳಿಯಿತು.

ಸಂಜೆ ಎಲ್ಲರೂ ಗುಡಿಗೆ ಹೋಗಿ ಮೇಣದ ಬತ್ತಿ ಹಿಡಿದು ಸುತ್ತು ಹಾಕಿದೆವು. ಮಾಲಿ ನನ್ನ ಮುಂದೆಯೇ ನಡೆದಳು, ಹಿಂದೆ ತಿರುಗಿ ನೋಡಲಿಲ್ಲ. ದಾರಿಯಲ್ಲಿ ಸುಜಾತಾ ಹೇಳಿದಳು: "ಇಂಥಾ ಮನಿ ಸಂಬಂಧ ನಮಗ ಬ್ಯಾಡ ಅಂದಾಳಂತ ಆಯಿ, ತೊನ್‌ಗ."

ನಾನು ಬೇಡ ಎನ್ನಲು ಬಂದವಳು. ಅವಳೇ ಮೊದಲು ಬೇಡ ಎಂದಳೆಂದು ಕೇಳಿ ಸಿಟ್ಟು ಬಂತು.

ಕಾಲುವೆ ದಂಡೆಯ ಬಾರು

ನಾಲ್ಕನೆಯ ಸಂಜೆ ಬಾರು ತೆರೆದಿತ್ತು. ದೊಡ್ಡದೇನಲ್ಲ. ಹತ್ತು ಹನ್ನೆರಡು ಮೇಜು, ಗಿಟಾರು ಬಾರಿಸುವ ಒಬ್ಬ ಹುಡುಗಿ, ಹಿಂದೆ ಮಾಲಿಯ ಅಡುಗೆಮನೆ. ನಾನು ಕಾಲುವೆ ಕಡೆಯ ಮೇಜು ಹಿಡಿದೆ. ಪಕ್ಕದಲ್ಲಿ ದೊಡ್ಡ ಕುಂಡ, ಅದರಲ್ಲಿ ಅಗಲ ಎಲೆಯ ಗಿಡ.

"ಒಂದು ವಿಸ್ಕಿ ತರ್ಸು," ಎಂದೆ.

ಸುಜಾತಾ ಕಣ್ಣು ಬಿಟ್ಟಳು. "ಇಲ್ಲಿ ನೀರು ಮುಟ್ಟಂಗಿಲ್ಲ ಅಂದಿದ್ದೆಲ್ಲ!"

"ಮುಟ್ಟತೀನಂತ ಯಾರಂದ್ರು?"

ಬಂತು. ಯಾರೂ ನೋಡದಾಗ ಕುಂಡಕ್ಕೆ ಸುರಿದೆ. ಇನ್ನೊಂದು ತರಿಸಿದೆ. ಅದೂ ಕುಂಡಕ್ಕೆ. ಮೂರನೆಯದನ್ನು ತೊನ್ ತಾನೇ ತಂದ, ಅರ್ಧಕ್ಕಿಂತ ಕಡಿಮೆ ಹಾಕಿದ್ದ, ಸಂಗಡ ಬಿಸಿ ಸಾರು ಇಟ್ಟ. ಅವನು ತಿರುಗಿದ ಕೂಡಲೇ ಅದನ್ನೂ ಕುಂಡಕ್ಕೆ ಸುರಿದು ಖಾಲಿ ಗ್ಲಾಸು ಮೇಜಿಗೆ ಕುಟ್ಟಿದೆ. ನನ್ನ ಗಂಡ ಹೇಗೆ ಕುಟ್ಟುತ್ತಿದ್ದನೋ ಹಾಗೆ.

"ಹಾಕಲೇ ಇನ್ನೊಂದು!"

ತೊನ್ ಬಗ್ಗಿ ನಿಂತು ತಲೆಯಾಡಿಸಿದ. "ಆಯಿ, ಸಾಕು."

"ರೊಕ್ಕ ಕೊಡ್ತೀನಿ ಹಾಕೋ! ಪುಕ್ಕಟ ಕೇಳಾಕತ್ತೀನೇನು?"

"ಸಾಕು," ಎಂದ. ಸಿಟ್ಟಿಲ್ಲ, ನಗುವಿಲ್ಲ.

ಇಷ್ಟು ಯಾರಾದರೂ ಮಾಡಿಯಾರು. ಮುದುಕಿ, ಮೇಲಾಗಿ ಬೀಗತಿಯಾಗುವವಳು. ಹಾಕಿಕೊಡುವವನ ಗುಣ ಹಾಕುವಾಗ ತಿಳಿಯುವುದಿಲ್ಲ, ಕುಡಿದವನು ಬಾಗಿಲು ದಾಟುವಾಗ ತಿಳಿಯುತ್ತದೆ. ನಾನು ಎದ್ದೆ. ಕುರ್ಚಿ ಬೀಳಿಸಿದೆ. ಸೆರಗು ಎಳೆಯುತ್ತ, ಎರಡು ಹೆಜ್ಜೆ ಹಾಗೆ, ಒಂದು ಹೆಜ್ಜೆ ಹೀಗೆ, ಕಾಲುವೆ ದಂಡೆಗೆ ಇಳಿದೆ. ಆ ನಡಿಗೆ ನನಗೆ ಯಾರೂ ಕಲಿಸಬೇಕಾಗಿಲ್ಲ. ಹನ್ನೆರಡು ವರ್ಷ ದಿನಾ ಸಂಜೆ ನೋಡಿದ್ದೇನೆ. ಸುಜಾತಾ "ಆಯೀ!" ಎಂದು ಚೀರಿದಳು. ನನ್ನ ಕಾಲಿನ ಕೆಳಗೆ ಹಲಗೆ, ಹಲಗೆಯ ಆಚೆ ನೀರು.

ಹಿಂದೆ ಗ್ಲಾಸು ಒಡೆದ ಸದ್ದಾಯಿತು. ತೊನ್ ಓಡಿ ಬಂದ. ನನ್ನನ್ನು ಹಿಡಿದು ಎಳೆಯಲಿಲ್ಲ, ಬೈಯಲಿಲ್ಲ. ನೀರಿನ ಕಡೆಗೆ ತಾನು ಬಂದ, ಗೋಡೆಯ ಕಡೆಗೆ ನನ್ನನ್ನು ಬಿಟ್ಟ. ರಟ್ಟೆಯ ಕೆಳಗೆ ಕೈ ಕೊಟ್ಟು ನಾನು ಓಲಾಡಿದ ಹಾಗೆ ತಾನೂ ಓಲಾಡುತ್ತ ನಡೆದ. ಒಂದು ಸಲ ಬೇಕೆಂದೇ ಜೋರಾಗಿ ಅವನ ಮೇಲೆ ಬಿದ್ದೆ. ಅವನ ಒಂದು ಕಾಲು ಹಲಗೆ ಬಿಟ್ಟು ಹೊರಗೆ ಹೋಯಿತು. ಆದರೂ ನನ್ನನ್ನು ಗೋಡೆಗೇ ಒತ್ತಿ ಹಿಡಿದ. ಬಾರಿನಲ್ಲಿ ಮಂದಿ ದುಡ್ಡು ಹಿಡಿದುಕೊಂಡು ಕಾಯುತ್ತಿದ್ದರು. ಅವನು ಆ ಕಡೆ ನೋಡಲೇ ಇಲ್ಲ. ಹಿಂದಿನ ಬಾಗಿಲಿನಿಂದ ಅಡುಗೆಮನೆಗೆ ತಂದು ಕೂರಿಸಿ, ತಾಯಿಯನ್ನು ಕೂಗಿ ಗಂಜಿ ಕೇಳಿದ.

ನಾನು ನೆಟ್ಟಗೆ ಎದ್ದು ನಿಂತೆ. ಸೆರಗು ಸರಿಮಾಡಿಕೊಂಡೆ.

"ಗಿಡ ನೋಡು ಹೋಗು," ಎಂದು ಸುಜಾತಾಳಿಗೆ ಹೇಳಿದೆ. "ಕುಡದದ್ದು ಅದು."

ಅವಳು ಹೇಳುವ ತನಕ ತೊನ್ ಬಾಯಿ ತೆರೆದುಕೊಂಡು ನಿಂತಿದ್ದ. ಆಮೇಲೆ ಹೋಗಿ ಕುಂಡ ಮೂಸಿ ನೋಡಿ ಬಂದ. ಬಂದವನು ನೆಲಕ್ಕೆ ಕುಳಿತು ನಗತೊಡಗಿದ. ಸುಜಾತಾ ನಗುತ್ತಲೇ ಅಳುತ್ತಿದ್ದಳು. ಮಾಲಿ ಮಾತ್ರ ಸೌಟು ಹಿಡಿದು ಹಾಗೇ ನಿಂತಿದ್ದಳು.

"ಸಕ್ಕರಿ ತಾ," ಎಂದೆ.

ಸುಜಾತಾಳ ಮುಖ ಬಿಳಿಚಿತು. "ಅಪ್ಪಗ ಕೇಳದಽ?"

"ಮನಿ ನೋಡಾಕ ಬಂದಾಕಿ ನಾನು. ನಿಮ್ಮಪ್ಪ ಬಂದಿದ್ರ ಅವನ್ನ ಕೇಳತಿದ್ದೆ. ತಾ."

ಡಬ್ಬಿ ಬಂತು. ಒಂದು ಚಿಟಿಕೆ ತೆಗೆದು ತೊನ್‌ನ ಬಾಯಿಗೆ ಹಾಕಿದೆ. ಅವನು ಕಣ್ಣು ಮುಚ್ಚಿ ಚಪ್ಪರಿಸಿದ. ಇನ್ನೊಂದು ಚಿಟಿಕೆ ಮಾಲಿಯ ಬಾಯಿಗೆ ಹಿಡಿದೆ. ಮಾಲಿ ತುಟಿ ಬಿಗಿಹಿಡಿದಳು. ತಲೆ ಆಚೀಚೆ ಆಡಿಸಿದಳು. ನನ್ನ ಬೆರಳು ಅವಳ ತುಟಿಯ ಮುಂದೆ ಹಾಗೇ ನಿಂತಿತು. ಸಕ್ಕರೆ ಕೆಳಗೆ ಉದುರಿತು. ತೊನ್ ಏನೋ ಬೇಡಿಕೊಂಡ.

ಮಾಲಿ ಮೇಲೆ ಮನೆಗೆ ಹೋದಳು. ಹಿಂದಿನ ದಿನದ ಅದೇ ಬಟ್ಟಲು ತುಂಬಿಕೊಂಡು ಬಂದಳು. ಈ ಸಲ ಮೊಣಕಾಲೂರಲಿಲ್ಲ. ನಿಂತೇ ಚಾಚಿದಳು.

ಅವಳ ಹಟ ಸರಿಯೇ. ನಾನು ಬಟ್ಟಲು ಇಸಿದುಕೊಂಡು ಎತ್ತಿ ಕುಡಿದೆ. ಒಂದು ಗುಟುಕಲ್ಲ, ತಳ ಕಾಣುವ ತನಕ. ಖಾಲಿ ಬಟ್ಟಲು ಬೋರಲು ಹಾಕಿ ತೋರಿಸಿದೆ. ಆಗ ಮಾಲಿ ಬಾಯಿ ತೆರೆದಳು. ಎಷ್ಟು ದೊಡ್ಡದಾಗಿ ತೆರೆದಳೆಂದರೆ ಎಲೆ ಅಡಿಕೆಯಿಂದ ಕರ್ರಗಾದ ಹಲ್ಲೆಲ್ಲ ಕಂಡವು. ಒಂದು ಹಿಡಿ ಸಕ್ಕರೆ ಹಾಕಿದೆ. ಅವಳೂ ಒಂದು ಹಿಡಿ ನನ್ನ ಬಾಯಿಗೆ ತುಂಬಿದಳು. ಇಬ್ಬರಿಗೂ ಮಾತು ಬರದಂತಾಯಿತು. ಬಂದರೂ ತಿಳಿಯುತ್ತಿರಲಿಲ್ಲ.

ಆಮೇಲೆ ಹಿತ್ತಾಳೆ ಪೆಟ್ಟಿಗೆ ತೆಗೆದಳು. ಅವಳು ಅಡಿಕೆ ಕತ್ತರಿಸಿದಳು, ನಾನು ಎಲೆಗೆ ಸುಣ್ಣ ಹಚ್ಚಿದೆ. ಹೊರಗೆ ಕಾಯುತ್ತಿದ್ದ ಗಿರಾಕಿಗಳು ಅಡುಗೆಮನೆಯ ಬಾಗಿಲಿಗೆ ಬಂದು ಇಣುಕಿದರು. ಏನಾಯಿತೆಂದು ತೊನ್ ಹೇಳಿದ. ಚಪ್ಪಾಳೆ ತಟ್ಟಿದರು. ಗಿಟಾರಿನ ಹುಡುಗಿ ಏನೋ ಜೋರಾದದ್ದು ಬಾರಿಸಿದಳು. ನನ್ನ ಆಯುಷ್ಯದಲ್ಲಿ ಬಾರಿನೊಳಗೆ ನನಗಾಗಿ ಚಪ್ಪಾಳೆ ಬಿದ್ದದ್ದು ಅದೇ ಮೊದಲು.

ಮರುದಿನ ಬೆಳಿಗ್ಗೆ

ಬೆಳಿಗ್ಗೆ ಎದ್ದು ಮುಖ ತೊಳೆದವಳೇ ಸುಜಾತಾಳ ಫೋನಿನಲ್ಲಿ ಮಗನಿಗೆ ಹಚ್ಚಿಸಿದೆ. ಅಲ್ಲಿ ಇನ್ನೂ ಪೂರಾ ಬೆಳಕಾಗಿರಲಿಲ್ಲ.

"ಸಕ್ಕರಿ ತಿನಿಸೀನಿ," ಎಂದೆ.

"ಯಾರಿಗೆ?"

"ಹುಡುಗಗ. ಅವರವ್ವಗ. ನಾನೂ ತಿಂದೀನಿ."

"ಅವ್ವಾ! ಬ್ಯಾಡ ಅಂದು ಬಾ ಅಂದಿದ್ದೆ ನಾ!"

"ನೋಡಿ ಬಾ ಅಂದಿದ್ದಿ. ನೋಡೀನಿ."

"ಸಾಲ್ಯಾಗ ಏನಂತ ಹೇಳ್ಲಿ? ನನ್ನ ಅಳಿಯ ಬಾರ್ ಇಟ್ಟಾನ ಅಂತ ಹೇಳ್ಲೇನು?"

"ಹೇಳು. ನಮ್ಮವ್ವ ಬಾರ್ ಮುಂದ ಮಿರ್ಚಿ ಕರೀತಾಳ ಅಂತ ಅದನ್ನೂ ಕೂಡಿಸಿ ಹೇಳು. ಎರಡೂ ಒಮ್ಮೆಗೇ ಹೊರಗ ಬೀಳಲಿ."

ಆ ಕಡೆಯಿಂದ ಸೊಸೆ ಫಕ್ಕನೆ ನಕ್ಕದ್ದು ಕೇಳಿಸಿತು. ಯಮನೂರಪ್ಪ ಅವಳನ್ನು ಗದರಿಸಿದ.

"ಹುಡುಗ ಹೆಂಗದಾನ?" ಎಂದು ಕೇಳಿದ.

"ನಿಮ್ಮಪ್ಪ ಇಂಥವನ ಅಂಗಡಿಗೆ ಹೋಗಿದ್ರ ಮನಿಗೆ ಬರತಿದ್ದ."

ಮೂಗು ಒರೆಸಿಕೊಂಡಿರಬೇಕು, ಸದ್ದು ಬಂತು. ಆಮೇಲೆ, "ಅವ್ರು ಯಾವಾಗ ಬರ್ತಾರಂತ ಇಲ್ಲಿಗೆ?" ಎಂದ.

"ಕೇಳಿ ಹೇಳ್ತೀನಿ. ಈಗ ಇಡು. ಬೀಗತಿ ಸಂತಿಗೆ ಕರಿಯಾಕ ಬಂದಾಳ."

ಫೋನನ್ನು ಸುಜಾತಾಳ ಕೈಗೆ ಕೊಟ್ಟೆ. ಅಪ್ಪ ಮಗಳು ಮಾತಾಡಿಕೊಳ್ಳಲಿ ಎಂದು ಬಾಗಿಲು ಮುಂದಕ್ಕೆ ಎಳೆದು ಮಾಲಿಯ ಸಂಗಡ ಹೊರಟೆ. ಅಲ್ಲಿಯ ಸಂತೆಯಲ್ಲಿ ಬದನೆಕಾಯಿ ಬಟಾಣಿಯಷ್ಟು ಸಣ್ಣವು, ಗೊಂಚಲು ಗೊಂಚಲಾಗಿ ಇಟ್ಟಿರುತ್ತಾರೆ. ಮಾಲಿ ಕೇಳಿದಷ್ಟು ಕೊಡಲು ಹೋದಳು. ನಾನು ಅವಳ ಕೈ ಹಿಡಿದು ನಿಲ್ಲಿಸಿ, ಬದನೆಕಾಯಿಯವಳ ಮುಂದೆ ಕುಕ್ಕರಗಾಲಲ್ಲಿ ಕುಳಿತು ಕನ್ನಡದಲ್ಲೇ ಚೌಕಾಸಿ ಮಾಡಿದೆ. ಕಡಿಮೆ ಮಾಡಿ ಕೊಟ್ಟಳು, ಮೇಲೆ ಒಂದು ಗೊಂಚಲು ಹೆಚ್ಚಿಗೆ ಹಾಕಿದಳು.